ಆರ್ಡರ್, ಸರ್ಜ್ ಮತ್ತು ಅಮ್ಮನ ಗಾಂಧಾರ: ಎರಡು ವರ್ಷದ ಬಳಕೆಯ ನಂತರ

ಇದು ಹೋಟೆಲಿನ ಆರ್ಡರ್ ಅಲ್ಲ. ಪಾಲ್ ಡೇವಿಸ್ ಶುರು ಮಾಡಿದ, ಹಾಡು ರೆಕಾರ್ಡ್ ಮಾಡುವ ಓಪನ್ ಸೋರ್ಸ್ (ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ) ಸಾಫ್ಟ್‌ವೇರ್. ಅದರಲ್ಲಿ ಏನೇನಿದೆ ಅನ್ನುವ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಬಿಡಿ. ನಾನು ಬಂದಿದ್ದು ತತ್ವಕ್ಕಲ್ಲ, ದುಡ್ಡಿಗೆ. ಮೊದಲು ಇಟ್ಟುಕೊಂಡಿದ್ದು ದುಡ್ಡು ಕೊಟ್ಟು ಕೊಳ್ಳಬೇಕಾದ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರಿನ ಕದ್ದ ಪ್ರತಿ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿದಾಗ ಹೋಯಿತು. ಕೊಂಡುಕೊಳ್ಳುವ ಬೆಲೆ ನೋಡಿ ಸುಮ್ಮನೆ ಉಬುಂಟು ಸ್ಟುಡಿಯೋ ಅನ್ನುವ, ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡೆ. ಆರ್ಡರ್ ಅದರ ಜೊತೆಗೇ ಪುಕ್ಕಟೆ ಬರುತ್ತದೆ.

ನಮ್ಮ ರೆಕಾರ್ಡಿಂಗ್ ಬೆಳಗಿನ ಜಾವ ಐದಕ್ಕೆ, ಹಾಲಿನವನು ಬರುವ ಮುಂಚೆ. ಫ್ಯಾನ್ ಆಫ್. ಫ್ರಿಜ್ಜಿನ ಪ್ಲಗ್ ಕಿತ್ತಿಡಬೇಕು. ಬಾಗಿಲ ಸಂದಿಗೆ ಹಳೇ ರಗ್ಗು. ಅಮ್ಮ ಬಿಸಿನೀರು ಕುಡಿದು, ಐದೂವರೆ ಮನೆ ಶ್ರುತಿಗೆ ಒಂದು ಸಲ ಸಾ ಹಿಡಿದು, ದೇವರನಾಮ ಶುರು ಮಾಡುತ್ತಾಳೆ.

ಮೊದಲ ಎರಡು ತಿಂಗಳು ಸಾಕುಸಾಕಾಯಿತು. ಬಫರ್ (ದನಿಯನ್ನು ಒಂದೊಂದು ಸಲಕ್ಕೆ ಎಷ್ಟೆಷ್ಟು ತುಂಡು ಮಾಡಿ ಸಾಗಿಸಬೇಕು ಅನ್ನುವ ಲೆಕ್ಕ) 128 ಇಟ್ಟರೆ ನನ್ನ ಹಳೇ ಲ್ಯಾಪ್‌ಟಾಪ್ ತಡೆಯದೆ ಒಗ್ಗರಣೆ ಸಾಸಿವೆ ಥರ ಚಟಪಟ. 1024 ಇಟ್ಟರೆ ಚಟಪಟ ಇಲ್ಲ, ಆದರೆ ಹೆಡ್‌ಫೋನಿನಲ್ಲಿ ಅಮ್ಮನ ದನಿ ಅಮ್ಮನಿಗೇ ತಡವಾಗಿ ಕೇಳುತ್ತಿತ್ತು. "ಯಾರೋ ಹಿಂದೆ ನಿಂತು ಅಣಕಿಸಿದ ಹಾಗಿದೆ ಕಣೋ" ಅಂದಳು. ಕೊನೆಗೆ 256, ವೈಫೈ ಆಫ್, ಬ್ರೌಸರ್ ಬಂದ್. ಇಷ್ಟು ಕಂಡುಕೊಳ್ಳಲು ಕೆಟ್ಟ ನಿದ್ದೆಗೆ ಬೆಲೆ ಕಟ್ಟಿದರೆ ಪುಕ್ಕಟೆ ಅನ್ನುವ ಮಾತೇ ಸುಳ್ಳು. ಆಗ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ.

ಮನಸ್ಸು ಬದಲಾಗಿದ್ದು ಸರ್ಜ್ ಎಕ್ಸ್‌ಟಿಯಿಂದ. ಇದೊಂದು ಸಿಂಥ್, ಅಂದರೆ ಆರ್ಡರ್ ಒಳಗೇ ಕೂತು ಕೀಬೋರ್ಡ್ ಒತ್ತಿದಾಗ ದನಿ ಹುಟ್ಟಿಸುವ ಸಾಫ್ಟ್‌ವೇರ್ ವಾದ್ಯ. ಇದರ ಮೂಲವಾದ ಸರ್ಜ್ ಮೊದಲು ಮಾರಾಟಕ್ಕಿತ್ತು, 2018ರಲ್ಲಿ ಬರೆದವರೇ ಓಪನ್ ಸೋರ್ಸ್ ಮಾಡಿದರು. ಅಮ್ಮನ ಹಿಂದೆ ನಾನು ಕೀಬೋರ್ಡಿನಲ್ಲಿ ಸಾ-ಗಾ-ಪಾ ಹಿಡಿದಾಗಲೆಲ್ಲ ಅವಳದು ಒಂದೇ ತಕರಾರು: "ಗಾಂಧಾರ ಏರಿದೆ." ಸರಿಯಾಗೇ ಇದೆ ನೋಡು ಅಂತ ಟ್ಯೂನರ್ ತೋರಿಸುತ್ತಿದ್ದೆ. ಸರಿಯಿದ್ದದ್ದು ಅವಳೇ. ಕೀಬೋರ್ಡು ಸ್ಥಾಯಿಯನ್ನು 12 ಸಮಪಾಲು ಮಾಡುತ್ತದೆ, ಒಂದೊಂದು ಪಾಲು 100 ಸೆಂಟ್. ಅಲ್ಲಿ ಈ ಗಾಂಧಾರ (ಹೆಸರು ಅಂತರ ಗಾಂಧಾರ) ಸಾದಿಂದ 400 ಸೆಂಟ್ ಮೇಲೆ. ತಂಬೂರಿ ಮೀಟಿದಾಗ ತಾನಾಗೇ ಕೇಳಿಬರುವ, ಸಾದ ಕಂಪನದ 5/4 ಪಟ್ಟು ಇರುವ ಗಾಂಧಾರ ಸುಮಾರು 386. ಆ 14 ಸೆಂಟ್ ಅಮ್ಮನ ಕಿವಿಗೆ ಚುಚ್ಚುತ್ತಿತ್ತು!

ಸರ್ಜ್‌ಗೆ ಸ್ಕಾಲಾ ಫೈಲ್ ಕೊಟ್ಟರೆ ಸ್ವರಗಳನ್ನು ಬೇಕಾದ ಜಾಗದಲ್ಲಿ ಕೂರಿಸಬಹುದು. ಫೈಲ್ ಅಂದರೆ ಮಹಾ ಏನಿಲ್ಲ. ಮೇಲೆ ಒಂದು ಹೆಸರು, ಎಷ್ಟು ಸ್ವರ ಅಂತ ಒಂದು ಸಂಖ್ಯೆ, ಆಮೇಲೆ ಸಾಲಿಗೊಂದು ಭಿನ್ನರಾಶಿ. ಸಾ ಎಲ್ಲಿಂದ ಅಂತ ಹೇಳಲು ಇನ್ನೊಂದು ಪುಟ್ಟ ಫೈಲ್ ಬೇಕು. ಇಲ್ಲದಿದ್ದರೆ ಸಾ ಅಮ್ಮನ ಐದೂವರೆ ಬಿಟ್ಟು ಒಂದು ಮನೆ ಶ್ರುತಿಗೆ ಹೋಗಿ ಕೂತುಬಿಡುತ್ತದೆ. ಹಳೆಯ ಸಾಫ್ಟ್‌ವೇರಿನಲ್ಲೂ ಇಂಥದ್ದು ಇದ್ದಿರಬಹುದು. ಕದ್ದ ಪ್ರತಿಯ ಕೈಪಿಡಿ ಯಾರು ಓದುತ್ತಾರೆ, ಅಲ್ವಾ?

ತಾಳಕ್ಕೆ ಹಾಕಿಕೊಂಡ, ಡ್ರಮ್ ನುಡಿಸುವ ಸಾಫ್ಟ್‌ವೇರ್ ಹೈಡ್ರೋಜನ್‌ನ ಜೊತೆ ಮೃದಂಗ ಬರುವುದಿಲ್ಲ, ನಾವೇ ಒಂದೊಂದು ಸೊಲ್ಲು ರೆಕಾರ್ಡ್ ಮಾಡಿ ತುಂಬಬೇಕು. ಅದು ಇನ್ನೂ ಬಾಕಿ.

ಹೊಸ ಗಾಂಧಾರವನ್ನು ಮಾರನೇ ಬೆಳಗ್ಗೆ ಏನೂ ಹೇಳದೆ ನುಡಿಸಿದೆ. ಅಮ್ಮ ಗಾಂಧಾರಕ್ಕೆ ಬಂದವಳು ಅಲ್ಲೇ ನಿಂತಳು. ಹಾಲಿನವನು ಬೆಲ್ ಒತ್ತಿದರೂ ಬಿಡಲಿಲ್ಲ.

ಈಗ ನಿಷಾದ ಸರಿಯಿಲ್ಲವಂತೆ. 15/8 ಹಾಕಿದ್ದೆ. ಫೈಲ್ ಮತ್ತೆ ತೆರೆದುಕೊಂಡು ಕೂತಿದ್ದೇನೆ.