ನಮ್ಮೂರ ಪುರಸಭೆ: ಹತ್ತು ವರ್ಷಕ್ಕೂ ಜಾಸ್ತಿ ಬಳಸಿದವನ ವಿಮರ್ಶೆ

ಸಿಮ್ ಸರಿ ಇಲ್ಲ ಅಂದರೆ ಪೋರ್ಟ್ ಮಾಡಿಸಬಹುದು. ಪುರಸಭೆಗೆ ಆ ಸೌಲಭ್ಯ ಇಲ್ಲ. ಇದನ್ನು ಓದಿ ಯಾರೂ ಊರು ಬಿಡುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಊರಿನ ಹೆಸರು ಬೇಡ. ಒಂದು ತಾಲ್ಲೂಕು ಕೇಂದ್ರ, ಜನಸಂಖ್ಯೆ ಐವತ್ತು ಸಾವಿರದ ಒಳಗೆ. ದಾಟಿದ್ದರೆ ನಗರಸಭೆ ಆಗುತ್ತಿತ್ತು, ಬೋರ್ಡ್ ಬದಲಾಗುತ್ತಿತ್ತು, ಉಳಿದದ್ದು ಏನಾಗುತ್ತಿತ್ತೋ ದೇವರಿಗೇ ಗೊತ್ತು. ಕಚೇರಿ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ನನ್ನ ಮನೆ ಕಂದಾಯ, ನಲ್ಲಿ, ಟ್ರೇಡ್ ಲೈಸೆನ್ಸ್ ಅಂತ ನಾನೂ ಒಳಗೆ ಹೋಗುತ್ತೇನೆ. ಅದಕ್ಕಿಂತ ಜಾಸ್ತಿ ಗೊತ್ತಾಗುವುದು ಒಳಗಿನಿಂದ ಬೈದುಕೊಳ್ಳುತ್ತಾ ಬಂದು "ಇನ್ನೊಂದು ಕಾಪಿ ಬೇಕಂತೆ ಅಣ್ಣಾ" ಅನ್ನುವವರ ಬಾಯಲ್ಲಿ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಕಸ. ಬೆಳಿಗ್ಗೆ ಆಟೋ ಟಿಪ್ಪರ್ ಹಾಡು ಹಾಕಿಕೊಂಡು ಬರುತ್ತದೆ, ಟಿಪ್ಪರ್ ನುಗ್ಗದ ಗಲ್ಲಿಗೆ ತಳ್ಳುಗಾಡಿ ಬರುತ್ತದೆ. ಹಸಿ ಕಸ, ಒಣ ಕಸ ಬೇರೆ ಮಾಡದೆ ಕೊಟ್ಟರೆ ನಮ್ಮ ಬೀದಿಯ ಪೌರಕಾರ್ಮಿಕ ಅಕ್ಕ ತಗೊಳ್ಳುವುದೇ ಇಲ್ಲ, ವಾಪಸ್ ಇಟ್ಟು ಹೋಗುತ್ತಾರೆ. ಅವರಿಗೆ ಕೈಗವಸು ಸರಿಯಾಗಿ ಕೊಡಿ, ಸಂಬಳ ಟೈಮಿಗೆ ಕೊಡಿ, ಇಡೀ ಪುರಸಭೆಯಲ್ಲಿ ಐದಕ್ಕೆ ಐದು ಸ್ಟಾರ್ ನಾನು ಕೊಡುವುದು ಅವರಿಗೆ ಮಾತ್ರ.

ನೀರು ಪರವಾಗಿಲ್ಲ. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ. ಯಾವಾಗ ಬರುತ್ತದೆ ಅಂತ ಯಾವ ಆ್ಯಪ್‌ನಲ್ಲೂ ಇಲ್ಲ. ವಾಲ್ವ್ ತಿರುಗಿಸುವವರ ಫೋನ್ ನಂಬರ್ ಇಟ್ಟುಕೊಂಡರೆ ಸಾಕು, ಆದರೆ ರಾತ್ರಿ ಹತ್ತಕ್ಕೆಲ್ಲ ಫೋನ್ ಮಾಡಿ ಅವರ ಜೀವ ತಿನ್ನಬೇಡಿ.

ಕಂದಾಯ ಕಟ್ಟುವುದು ಈಗ ಸುಲಭ. ದುಡ್ಡು ಇಸ್ಕೊಳ್ಳುವ ಕೆಲಸ ಯಾವತ್ತೂ ಸುಲಭವಾಗಿಯೇ ಇರುತ್ತದೆ, ಅಲ್ವಾ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ 2% ದಂಡ. ಚಲನ್ ಕೈಗೆ ಬಂದ ಮೇಲೆ ಒಮ್ಮೆ ಪೂರ್ತಿ ಓದಿ. ತೆರಿಗೆಯ ಕೆಳಗೆ ಆರೋಗ್ಯ ಕರ 15%, ಗ್ರಂಥಾಲಯ ಕರ 6%, ಭಿಕ್ಷುಕರ ಕರ 3% ಅಂತ ಇರುತ್ತದೆ, ಜೊತೆಗೆ ಕಸದ ಶುಲ್ಕ. ಗ್ರಂಥಾಲಯ ಕರವನ್ನು ಪುರಸಭೆ ಗ್ರಂಥಾಲಯ ಇಲಾಖೆಗೆ ಕಟ್ಟಬೇಕು. ನಮ್ಮ ಲೈಬ್ರರಿಯ ಫ್ಯಾನ್ ನೋಡಿದರೆ ನನಗೇನೋ ಅನುಮಾನ.

ಇನ್ನು ಖಾತಾ. ಈ ವಿಮರ್ಶೆ ಬರೆಯೋಕೆ ಕೂತಿದ್ದೇ ಇದಕ್ಕೆ.

2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನಿವೇಶನ, ಮನೆ ನೋಂದಣಿ ಆಗುವುದಿಲ್ಲ. ಅಲ್ಲಿಯವರೆಗೆ ಅಪ್ಪನ ಕಾಲದ ಕೈಬರಹದ ಖಾತೆ ನಕಲಿನಲ್ಲೇ ಕಾಲ ಹಾಕಿದವರೆಲ್ಲ ಒಟ್ಟಿಗೆ ಕಚೇರಿಗೆ ನುಗ್ಗಿದರು. ಕ್ರಯಪತ್ರ, ಇಸಿ (ಋಣಭಾರ ಪತ್ರ), ಈ ಸಾಲಿನ ಕಂದಾಯದ ರಸೀದಿ, ಆಧಾರ್, ಮಾಲೀಕರ ಫೋಟೋ, ಮನೆ ಫೋಟೋ, ನಿವೇಶನ ಆದರೆ ಲೇಔಟ್ ಅನುಮೋದನೆ. ಪಟ್ಟಿ ಗೋಡೆ ಮೇಲೆ ಅಂಟಿಸಿದ್ದಾರೆ, ನಿಜ. ಆದರೆ ಕೌಂಟರ್‌ನಲ್ಲಿ ಕೇಳುವ ಪಟ್ಟಿ ಬೇರೆ. ಒಂದು ಸಲ ಹೋದಾಗ ಒಂದು ಕಾಗದ ಕಮ್ಮಿ, ಅದನ್ನು ತಂದರೆ ಇನ್ನೊಂದು. ಎಲ್ಲ ಕೊರತೆಯನ್ನೂ ಒಂದೇ ಸಲಕ್ಕೆ ಚೀಟಿಯಲ್ಲಿ ಬರೆದು ಕೊಟ್ಟರೆ ಅವರ ಗಂಟೇನು ಹೋಗುತ್ತದೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕಂಪ್ಯೂಟರ್ ಬಂದ ಮೇಲೆ ಫೈಲ್ ಓಡುತ್ತದೆ ಅಂದುಕೊಂಡಿದ್ದೆವು. ಮೊದಲು "ಫೈಲ್ ಟೇಬಲ್ ಮೇಲಿದೆ" ಅನ್ನುತ್ತಿದ್ದರು, ಈಗ "ಆರ್‌ಐ ಲಾಗಿನ್‌ನಲ್ಲಿದೆ" ಅನ್ನುತ್ತಾರೆ. ಕೇಸ್ ವರ್ಕರ್, ಆಮೇಲೆ ಆರ್‌ಐ (ರೆವಿನ್ಯೂ ಇನ್ಸ್‌ಪೆಕ್ಟರ್), ಆಮೇಲೆ ಚೀಫ್ ಆಫೀಸರ್. ಟೇಬಲ್ ಎಷ್ಟಿದ್ದವೋ ಲಾಗಿನ್ ಕೂಡ ಅಷ್ಟೇ ಇವೆ, ಮಧ್ಯೆ ಸರ್ವರ್ ಬೇರೆ ಕೈಕೊಡುತ್ತದೆ. ಸರ್ವರ್ ಬಂದಾಗ ಥಂಬ್ ಕೊಡಬೇಕಾದ ಸಾಹೇಬರು ಡಿಸಿ ಮೀಟಿಂಗ್‌ನಲ್ಲಿರುತ್ತಾರೆ. ಈ ಸಂದಿಯಲ್ಲೇ ಬ್ರೋಕರ್‌ಗಳು ಹುಟ್ಟಿಕೊಳ್ಳುವುದು. ನನ್ನ ಅಂಗಡಿ ಮುಂದೆಯೇ ನಿಂತು ರೇಟು ಹೇಳುತ್ತಾರೆ, ನಾನು ಎಷ್ಟೋ ಸಲ ಓಡಿಸಿದ್ದೇನೆ.

ಅನುಮೋದನೆ ಇಲ್ಲದ ಲೇಔಟ್‌ನವರಿಗೆ 2025ರಲ್ಲಿ ಬಿ ಖಾತಾ ಕೊಡಲು ಶುರು ಮಾಡಿದರು, 2024ರ ಸೆಪ್ಟೆಂಬರ್ 10ರೊಳಗೆ ನೋಂದಣಿ ಆಗಿರಬೇಕು ಅಂತ ಷರತ್ತು. ಸೈಟು ಸಕ್ರಮ ಆಯಿತು ಅಂತ ಹೋಳಿಗೆ ಊಟ ಹಾಕಿಸಿದವರಿದ್ದಾರೆ. ಹಾಗೇನಿಲ್ಲ ಸ್ವಾಮಿ. ನಿಮ್ಮ ಆಸ್ತಿ ಲೆಕ್ಕಕ್ಕೆ ಬಂತು, ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ಅಷ್ಟೇ.

ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡ ಒಂದೇ ಔಷಧ ಸಕಾಲ ನಂಬರ್. ಸರ್ಕಾರಿ ಕೆಲಸ ಗೊತ್ತಾದ ಗಡುವಿನೊಳಗೆ ಆಗಬೇಕು ಅನ್ನುವ ಕಾಯ್ದೆ ಇದು, 2011ರದ್ದು, ಜಾರಿಗೆ ಬಂದದ್ದು 2012ರಲ್ಲಿ. ಸಕಾಲದ ಪಟ್ಟಿಯಲ್ಲಿರುವ ಕೆಲಸಕ್ಕೆ ಅರ್ಜಿ ಕೊಟ್ಟ ತಕ್ಷಣ 15 ಅಂಕಿಯ ನಂಬರ್ ಇರುವ ಸ್ವೀಕೃತಿ ಕೊಡಲೇಬೇಕು. ಕೊಡದಿದ್ದರೆ ಅಲ್ಲೇ ನಿಂತುಕೊಳ್ಳಿ. "ಕೊಟ್ಟು ಹೋಗಿ, ನೋಡ್ತೀವಿ" ಅಂದರೆ ನಿಮ್ಮ ಅರ್ಜಿ ಯಾರದೋ ಡ್ರಾಯರ್‌ಗೆ ಹೋಯಿತು ಅಂತಲೇ ತಿಳಿಯಿರಿ. ನಂಬರ್ ಇದ್ದ ದಿನದಿಂದ ಗಡುವು ಓಡುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಆ ದುಡ್ಡು ಇಸ್ಕೊಂಡವರನ್ನು ನಾನಂತೂ ಇನ್ನೂ ನೋಡಿಲ್ಲ. ಅದು ಮುಖ್ಯವೂ ಅಲ್ಲ. "ಸಕಾಲದಲ್ಲಿ ಮೇಲ್ಮನವಿ ಹಾಕ್ತೀನಿ" ಅಂದ ವಾರದೊಳಗೆ ಮಲಗಿದ್ದ ಫೈಲ್ ಎದ್ದು ಕೂತದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ಬೀದಿದೀಪಕ್ಕೆ ಒಂದು ಸ್ಟಾರ್. ಆ್ಯಪ್‌ನಲ್ಲಿ ದೂರು ಕೊಟ್ಟರೆ ದೀಪಕ್ಕಿಂತ ಮೊದಲು ದೂರು ಆರಿಹೋಗುತ್ತದೆ, "ಪರಿಹರಿಸಲಾಗಿದೆ" ಅಂತ ಮೆಸೇಜ್ ಬರುತ್ತದೆ, ಹೊರಗೆ ನೋಡಿದರೆ ಕತ್ತಲು. ವಾರ್ಡ್ ಸದಸ್ಯರಿಗೆ ಹೇಳೋಣ ಅಂದರೆ ಅದಕ್ಕೂ ಒಂದು ಕಥೆ. ಅಧ್ಯಕ್ಷರ ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿಯಿತು, ಮುಂದಿನ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿಯದ್ದೇ ಆಡಳಿತ. ಗೆದ್ದ ಸದಸ್ಯರಿಗೂ ಆಗ "ನಮ್ಮ ಕೈಯಲ್ಲಿ ಏನಿದೆ ಹೇಳಿ" ಅನ್ನುವುದೇ ಕೆಲಸ. ರಾಜಕೀಯ ಏನೇ ಇರಲಿ, ಬೈಯೋಕೆ ಊರವನೇ ಆದ ಒಬ್ಬ ಅಧ್ಯಕ್ಷ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಆಡಳಿತಾಧಿಕಾರಿಯನ್ನು ಟೀ ಅಂಗಡಿಯಲ್ಲಿ ಹಿಡಿದು ಕೇಳೋಕಾಗುತ್ತಾ?

ಜನನ ಪತ್ರದ ಟೇಬಲ್ ಚೆನ್ನಾಗಿದೆ, ಅಲ್ಲಿರುವ ಮೇಡಂ ಸಿಡುಕುವುದಿಲ್ಲ. ಮಗು ಹುಟ್ಟಿ 21 ದಿನದೊಳಗೆ ನೋಂದಣಿ ಮಾಡಿಸಿದರೆ ಶುಲ್ಕ ಇಲ್ಲ. ಹೆಸರು ಇಟ್ಟಿಲ್ಲ ಅಂತ ಕಾಯಬೇಡಿ. ಮೊದಲು ನೋಂದಣಿ ಮಾಡಿಸಿ, ವರ್ಷದೊಳಗೆ ಹೆಸರು ಸೇರಿಸಲು ದುಡ್ಡು ಕೇಳುವುದಿಲ್ಲ. ನೋಂದಣಿಯೇ ಮಾಡಿಸದೆ ವರ್ಷ ದಾಟಿಸಿದರೆ ಮ್ಯಾಜಿಸ್ಟ್ರೇಟ್ ಆದೇಶ ತರಬೇಕು, ಆಮೇಲೆ ಸ್ಕೂಲ್ ಅಡ್ಮಿಷನ್ ಟೈಮಲ್ಲಿ ನನ್ನ ಅಂಗಡಿಗೆ ಬಂದು ಅಳಬೇಡಿ.

ಹೋಗುವವರಿಗೆ ಇಷ್ಟು ಹೇಳಿಬಿಡುತ್ತೇನೆ. ಸೋಮವಾರ ಬೆಳಿಗ್ಗೆ ಬೇಡ, ವಿಪರೀತ ಜನ. ಊಟದ ಹೊತ್ತು ಕಳೆದು ಹೋದರೆ ಸಾಹೇಬರು ಸಿಗುವ ಸಾಧ್ಯತೆ ಜಾಸ್ತಿ. ಕಾಗದ ಎಲ್ಲ ಎರಡು ಸೆಟ್ ಮಾಡಿಸಿ, ನನ್ನ ವ್ಯಾಪಾರಕ್ಕೆ ಅಂತ ಹೇಳುತ್ತಿಲ್ಲ, ಬೇಕಾದರೆ ಬಸ್‌ಸ್ಟ್ಯಾಂಡ್ ಹತ್ತಿರ ಮಾಡಿಸಿ. ಒಂದು ಸೆಟ್ ಒಳಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೇ ಹೊರಗೆ ಬನ್ನಿ.