ಬಳ್ಳಾರಿಯ ಬೇಸಿಗೆಗೆ ಮನೆಯೊಳಗಿನ ಸೈಕಲ್ ಟ್ರೇನರ್

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವಾಗ ಬೆಳಿಗ್ಗೆ ಎಂಟಕ್ಕೆಲ್ಲ ರಸ್ತೆ ಕಾಯತೊಡಗುತ್ತದೆ. ತೋರಣಗಲ್ಲು, ಸಂಡೂರು ಕಡೆಗೆ ಹೊರಟರಂತೂ ಅದಿರು ಲಾರಿಗಳೂ ಅವು ಎಬ್ಬಿಸುವ ಕೆಂದೂಳೂ ಜೊತೆಗೇ ಬರುತ್ತವೆ. ಅಂಥ ದಿನಗಳಲ್ಲಿ ಅಭ್ಯಾಸ ತಪ್ಪಬಾರದೆಂದು ನಾನು ಕೊಂಡದ್ದು, ಸೈಕಲ್ಲಿನ ಹಿಂದಿನ ಚಕ್ರವನ್ನು ಸ್ಟ್ಯಾಂಡಿಗೆ ಬಿಗಿದು ಟೈರಿಗೆ ರೋಲರ್ ಒತ್ತಿಸುವ, ಅಯಸ್ಕಾಂತದಿಂದ ಕೆಲಸ ಮಾಡುವ ಸಾದಾ ಟ್ರೇನರ್.

ಕರೆಂಟಿನ ಹಂಗಿಲ್ಲದಿರುವುದೇ ಇದರ ದೊಡ್ಡ ಗುಣ. ಹ್ಯಾಂಡಲ್‌ಗೆ ಕಟ್ಟಿದ ಲಿವರ್ ಎಳೆದರೆ ಪೆಡಲ್ ಬಿಗಿಯಾಗುತ್ತದೆ, ಅಷ್ಟೇ. ಹಿಂದಿನ ಚಕ್ರ ಕಳಚಿ ನೇರವಾಗಿ ಯಂತ್ರದ ಹಲ್ಲುಚಕ್ರಕ್ಕೇ ಚೈನ್ ಏರಿಸುವ ಸ್ಮಾರ್ಟ್ ಟ್ರೇನರ್‌ಗಳು ತುಳಿತದ ಶಕ್ತಿಯನ್ನು ತೋರುವ ವಾಟ್ ಲೆಕ್ಕವನ್ನು ಹೆಚ್ಚು ನಿಖರವಾಗಿ ಕೊಡುತ್ತವೆ, ಪರದೆಯ ಮೇಲೆ ರಸ್ತೆ ಮೂಡಿಸುವ ಜ್ವಿಫ್ಟ್‌ನಂಥ ಆ್ಯಪ್‌ನಲ್ಲಿ ಏರು ಬಂದರೆ ತಾವಾಗಿಯೇ ಬಿಗಿಯುತ್ತವೆ, ಸದ್ದೂ ಕಡಿಮೆ. ಆದರೆ ಅವುಗಳಲ್ಲಿ ಹೆಚ್ಚಿನವನ್ನು ಪ್ಲಗ್ಗಿಗೆ ಸಿಕ್ಕಿಸಲೇಬೇಕು, ಬೆಲೆಯೂ ಹಲವು ಪಟ್ಟು.

ಟ್ರೇನರ್‌ಗಿಂತ ಮೊದಲು ಒಳ್ಳೆಯ ಫ್ಯಾನ್ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರಸ್ತೆಯಲ್ಲಿ ಎದುರುಗಾಳಿಯೇ ಬೆವರನ್ನು ಆರಿಸಿ ಮೈಯನ್ನು ತಂಪಾಗಿಡುತ್ತದೆ. ಕೋಣೆಯಲ್ಲಿ ಆ ಗಾಳಿಯಿಲ್ಲದ ಕಾರಣ ಅಷ್ಟೇ ಶ್ರಮಕ್ಕೆ ಎದೆಬಡಿತ ಹೆಚ್ಚು ಏರುತ್ತದೆ. ಸೀಲಿಂಗ್ ಫ್ಯಾನ್ ಇದಕ್ಕೆ ಸಾಲದು, ಎದೆಯ ಮಟ್ಟಕ್ಕೆ ಎದುರಿನಿಂದ ಬೀಸುವ ಸ್ಟ್ಯಾಂಡ್ ಫ್ಯಾನ್ ಬೇಕು. ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಕೋಣೆಯ ತೇವ ಏರಿ ಬೆವರು ಆರುವುದೇ ಇಲ್ಲ. ನಮ್ಮ ಒಣಹವೆಯೇ ಇಲ್ಲಿ ನಮಗಿರುವ ಅನುಕೂಲ, ಅದನ್ನು ಕೆಡಿಸಿಕೊಳ್ಳಬಾರದು. ಹ್ಯಾಂಡಲ್ ಮೇಲೆ ಟವೆಲ್ ಹಾಸದಿದ್ದರೆ ಬೆವರಿನ ಉಪ್ಪು ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್‌ನ ಬೋಲ್ಟುಗಳಿಗೆ ಇಳಿದು ತುಕ್ಕು ಹಿಡಿಸುತ್ತದೆ. ಟೈರೂ ಬೇಗ ಸವೆಯುತ್ತದೆ, ರೋಲರ್ ಕೆಳಗೆ ನುಣ್ಣನೆಯ ಕಪ್ಪು ಪುಡಿ ಬೀಳುತ್ತದೆ. ಅದಕ್ಕೆಂದೇ ಒಂದು ಹಳೆಯ ಟೈರ್ ತೆಗೆದಿರಿಸಿಕೊಳ್ಳುವುದು ಒಳಿತು.

ಕಾಲಿನ ಕಸುವಿನ ಮಟ್ಟಿಗೆ ಟ್ರೇನರ್ ರಸ್ತೆಗಿಂತ ಕಡಿಮೆಯೇನಲ್ಲ. ಇಳಿಜಾರೂ ಸಿಗ್ನಲ್ಲೂ ಇಲ್ಲದೆ ಒಂದು ಗಂಟೆ ಬಿಡದೆ ತುಳಿಯುವುದು, ಹೊರಗಿನ ಒಂದು ಗಂಟೆಗಿಂತ ಹೆಚ್ಚು ದಣಿಸುತ್ತದೆ. ಆದರೆ ಸೈಕಲ್ ಅಲುಗದೆ ನಿಲ್ಲುವುದರಿಂದ ಸೀಟಿನ ನೋವು ಬೇಗ ಶುರುವಾಗುತ್ತದೆ, ನಡುನಡುವೆ ಎದ್ದು ನಿಂತು ತುಳಿಯಬೇಕಾಗುತ್ತದೆ. ಗುಂಡಿ ತಪ್ಪಿಸುವುದು, ತಿರುವಿನಲ್ಲಿ ವಾಲುವುದು, ಲಾರಿ ಪಕ್ಕದಲ್ಲಿ ಹಾದಾಗ ಗಾಳಿಯ ಎಳೆತಕ್ಕೆ ಹ್ಯಾಂಡಲ್ ಹಿಡಿದು ನಿಭಾಯಿಸುವುದು ಇವೊಂದೂ ಇಲ್ಲಿ ಸಿದ್ಧಿಸುವುದಿಲ್ಲ. ಆದ್ದರಿಂದ ವಾರದ ದಿನಗಳಿಗೆ ಟ್ರೇನರ್ ಇಟ್ಟುಕೊಂಡು, ಭಾನುವಾರ ನಸುಕಿನಲ್ಲೇ ಭತ್ತದ ಗದ್ದೆಗಳ ನಡುವೆ ಸಿರುಗುಪ್ಪದ ಕಡೆಗೆ ಹೊರಡುವುದನ್ನು ನಾನು ಬಿಟ್ಟಿಲ್ಲ.

ಕೊಳ್ಳುವವರು ತಮ್ಮ ಸೈಕಲ್ಲಿನ ಹಿಂದಿನ ಆಕ್ಸಲ್ ಮೊದಲು ನೋಡಿಕೊಳ್ಳಬೇಕು: ಲಿವರ್ ಮಡಚಿ ಬಿಚ್ಚುವ ಕ್ವಿಕ್ ರಿಲೀಸ್ ಇದ್ದರೆ ಟ್ರೇನರ್ ಜೊತೆ ಬರುವ ಉಕ್ಕಿನ ಸ್ಕ್ಯೂವರ್ (ಚಕ್ರದ ನಡುವೆ ತೂರಿಸುವ ಸಲಾಕೆ) ಸಾಕು, ಫ್ರೇಮಿಗೇ ತಿರುಗಿಸಿ ಬಿಗಿಯುವ ದಪ್ಪ ತ್ರೂ ಆಕ್ಸಲ್ ಇದ್ದರೆ ಹೊಂದುವ ಅಡಾಪ್ಟರ್ ಸಿಗುವುದೆಂದು ಖಾತ್ರಿಯಾದ ಮೇಲಷ್ಟೇ ಹಣ ಕೊಡಬೇಕು.