ಆರು ತಿಂಗಳು ಒಳಗಿಡುವ ಟ್ರೇಲ್ ಕ್ಯಾಮೆರಾಕ್ಕೆ ಯಾವ ಶೆಲ್ ಒಳ್ಳೇದು? ಆಲ್ಕಲೈನ್, ಲಿಥಿಯಂ, ರೀಚಾರ್ಜ್ ಮೂರನ್ನೂ ಹಾಕಿ ನೋಡಿದ್ದೇನೆ

ಟ್ರೇಲ್ ಕ್ಯಾಮೆರಾ ಅಂದರೆ ಮರಕ್ಕೆ ಕಟ್ಟಿಟ್ಟರೆ ಪ್ರಾಣಿ ಹಾದುಹೋದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ. ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಶೆಲ್. ಅದೂ ಕ್ಯಾಮೆರಾದಿಂದ ಹೊರಗೆ ತೆಗೆದಿಟ್ಟು. ಆಲ್ಕಲೈನ್ ಶೆಲ್ ಸೋರಿ ಒಂದು ಕ್ಯಾಮೆರಾ ಹಾಳಾದ ಮೇಲೆ ಈ ದಾರಿಗೆ ಬಂದೆ. ನಮ್ಮ ಕಡೆ ಬ್ಯಾಟರಿ ಅಂದರೆ ಟಾರ್ಚ್, ಅದಕ್ಕೇ ಇಲ್ಲಿ ಶೆಲ್ ಅಂತಲೇ ಬರೆಯುತ್ತೇನೆ.

ನಮ್ಮ ಹೊಲ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಕಾಡಿನ ಅಂಚಿಗೆ ಇದೆ. ಭತ್ತ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿ ಬರುತ್ತವೆ, ಒಮ್ಮೊಮ್ಮೆ ಕಾಡುಕೋಣವೂ. ಯಾವ ಮೂಲೆಯಿಂದ ನುಗ್ಗುತ್ತವೆ ಅಂತ ತಿಳಿಯಲು ಬದುವಿನ ಮರಗಳಿಗೆ ಎರಡು ಕ್ಯಾಮೆರಾ ಕಟ್ಟುತ್ತೇನೆ. (ಸ್ವಂತ ಹೊಲದಲ್ಲಷ್ಟೇ. ಕಾಡಿನೊಳಗೆ ಕಟ್ಟಲು ಅರಣ್ಯ ಇಲಾಖೆಯ ಅನುಮತಿ ಬೇಕು.) ಕಬ್ಬು ಕಡಿದು ಹೋದ ಮೇಲೆ ಮಾರ್ಚ್‌ನಲ್ಲಿ ಬಿಚ್ಚಿ ಒಳಗಿಟ್ಟರೆ ಮತ್ತೆ ಕಟ್ಟುವುದು ಗಣಪತಿ ಹಬ್ಬ ಮುಗಿದ ಮೇಲೆ. ಆ ಆರು ತಿಂಗಳಲ್ಲಿ ಮೊದಲು ಬಿಸಿಲು, ಆಮೇಲೆ ಖಾನಾಪುರದ ಮಳೆ. ಗೋಡೆಗೇ ಬೂಷ್ಟು ಹಿಡಿಯುವ ಮಳೆ ಅದು.

ಕ್ಯಾಮೆರಾ ಹಾಳಾದ ವರ್ಷ ಸ್ವಿಚ್ ಆಫ್ ಮಾಡಿ, ಆಲ್ಕಲೈನ್ ಶೆಲ್ ಒಳಗೇ ಬಿಟ್ಟು, ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದೆ. ಆಫ್ ಆಗಿದೆಯಲ್ಲ, ಏನಾಗುತ್ತದೆ ಅಂತ. ಹಬ್ಬದ ಮರುದಿನ ಬಾಗಿಲು ತೆರೆದರೆ ಒಳಗೆಲ್ಲ ಬಿಳಿ ಪುಡಿ. ಎರಡು ಸ್ಪ್ರಿಂಗ್ ಹಸಿರುಗಟ್ಟಿದ್ದವು. ಒಂದು ಶೆಲ್ ಅಂಟಿಕೊಂಡು ಹೊರಗೇ ಬರಲಿಲ್ಲ.

ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿಯಿತು. ಆಫ್ ಇದ್ದರೂ ನನ್ನ ಕ್ಯಾಮೆರಾದ ಗಡಿಯಾರ ಓಡುತ್ತಲೇ ಇರುತ್ತದೆ. ಸ್ವಲ್ಪ ಸ್ವಲ್ಪವೇ ಕರೆಂಟ್ ಎಳೆಯುತ್ತದೆ. ಎಂಟು ಪೆನ್ಸಿಲ್ ಶೆಲ್ ಒಂದರ ಹಿಂದೊಂದು ಸಾಲಾಗಿ ಕೂತಿರುತ್ತವೆ. ನಾನು ನಾಲ್ಕು ಹಳೇದು, ನಾಲ್ಕು ಹೊಸದು ಬೆರೆಸಿ ಹಾಕಿದ್ದೆ. ಹಳೇದು ಮೊದಲು ಖಾಲಿಯಾಯಿತು. ಉಳಿದವು ಅದರ ಮೂಲಕವೇ ಕರೆಂಟ್ ತಳ್ಳುತ್ತಾ ಹೋದವು. ಹಾಗಾದಾಗ ಖಾಲಿ ಶೆಲ್ ಉಲ್ಟಾ ಚಾರ್ಜ್ ಆಗುತ್ತದೆ, ಒಳಗೆ ಹೈಡ್ರೋಜನ್ ಅನಿಲ ತುಂಬುತ್ತದೆ, ಒತ್ತಡ ಜಾಸ್ತಿಯಾಗಿ ಸೀಲ್ ಬಿಟ್ಟುಕೊಳ್ಳುತ್ತದೆ. ಹೊರಗೆ ಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರ. ಗಾಳಿ ತಾಗಿ ಅದೇ ಬಿಳಿ ಪುಡಿಯಾಗುತ್ತದೆ.

ತೊಳೆಯುವಾಗಲೂ ತಪ್ಪು ಮಾಡುವವನಿದ್ದೆ. ಪರಿಚಯದವರೊಬ್ಬರು ಅಡುಗೆ ಸೋಡಾ ಹಚ್ಚು ಅಂದರು. ಅದು ಟ್ರ್ಯಾಕ್ಟರ್ ಬ್ಯಾಟರಿಯ ಆಸಿಡ್‌ಗೆ ಸರಿ. ಇಲ್ಲಿ ಸೋರಿದ್ದೇ ಕ್ಷಾರ, ಅದಕ್ಕೆ ಹುಳಿ ಬೇಕು. ಕೈಗೆ ಗ್ಲೌಸ್ ಹಾಕಿಕೊಂಡು, ಕಿವಿಕಡ್ಡಿಗೆ ವಿನೆಗರ್ ಅದ್ದಿ ಸ್ಪ್ರಿಂಗ್ ಒರೆಸಿದೆ. ನಿಂಬೆರಸವೂ ಆಗುತ್ತದೆ. ಆಮೇಲೆ ಸ್ಪಿರಿಟ್‌ನಿಂದ ಒರೆಸಿ ಒಂದು ದಿನ ಒಣಗಲು ಬಿಟ್ಟೆ. ಒಂದು ಕ್ಯಾಮೆರಾ ಉಳಿಯಿತು. ಇನ್ನೊಂದರಲ್ಲಿ ದ್ರವ ಬೋರ್ಡ್‌ವರೆಗೂ ಇಳಿದಿತ್ತು, ಅದನ್ನು ಬಿಡಬೇಕಾಯಿತು. ಏಳು ಸಾವಿರ ಕೊಟ್ಟಿದ್ದೆ. ಆ ಸಂಕಟ ಇನ್ನೂ ಹೋಗಿಲ್ಲ.

ಮುಂದಿನ ವರ್ಷ ಲಿಥಿಯಂ ಪೆನ್ಸಿಲ್ ಶೆಲ್ ತರಿಸಿದೆ. ಸೋರುವ ಭಯ ತೀರಾ ಕಡಿಮೆ, ತೂಕ ಹಗುರ, ರಾತ್ರಿ ಫೋಟೋ ಮೂರರಲ್ಲೂ ಇದರಲ್ಲೇ ಚೆನ್ನಾಗಿ ಬಂದವು. ಆದರೆ ಒಂದಕ್ಕೆ 200 ರೂಪಾಯಿ ಮೇಲೆ, ಮತ್ತೆ ಚಾರ್ಜ್ ಮಾಡಲು ಬರುವುದಿಲ್ಲ. ಇನ್ನೊಂದು, ಕೊನೆಯವರೆಗೂ ಫುಲ್ ಅಂತಲೇ ತೋರಿಸಿ ಒಮ್ಮೆಲೇ ನಿಂತುಬಿಡುತ್ತದೆ. ಹಿಮ ಬೀಳುವ ಊರಲ್ಲಿ ಇದಕ್ಕೆ ಸಾಟಿ ಇಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕೆಲಸ ಮಾಡುತ್ತದೆ. ನಮ್ಮಲ್ಲಿ ಆ ಚಳಿ ಎಲ್ಲಿದೆ?

ಈಗ ಮೂರು ವರ್ಷದಿಂದ ರೀಚಾರ್ಜ್ ಶೆಲ್. ಚಾರ್ಜ್ ಬೇಗ ಇಳಿಯದ ನಮೂನೆಯದೇ ಕೇಳಿ ತಗೊಳ್ಳಿ, ಅಗ್ಗದವು ಮನೆಯಲ್ಲಿ ಸುಮ್ನೆ ಕೂತೇ ಖಾಲಿಯಾಗುತ್ತವೆ. ಒಂದೊಂದು ಶೆಲ್ 1.2 ವೋಲ್ಟ್. ಎಂಟು ಸೇರಿದರೆ 9.6. ಆಲ್ಕಲೈನ್ ಆದರೆ 12. ಹಾಗಾಗಿ ರಾತ್ರಿ ಕ್ಯಾಮೆರಾ ಬಿಡುವ ಬೆಳಕು ಕೊಂಚ ಮಂಕು, ಲೋ ಬ್ಯಾಟರಿ ಅಂತ ಬೇಗ ತೋರಿಸುತ್ತದೆ. ಕೆಲವು ಕ್ಯಾಮೆರಾಗಳಿಗೆ ಇವು ಒಗ್ಗುವುದಿಲ್ಲ, ಕೊಳ್ಳುವ ಮೊದಲು ಕ್ಯಾಮೆರಾದ ಪುಸ್ತಕ ನೋಡಿ. ಇವನ್ನೂ ಒಳಗೇ ಬಿಟ್ಟರೆ ತೀರಾ ಖಾಲಿಯಾಗಿ ಕೆಡುತ್ತವೆ, ಆದ್ದರಿಂದ ತೆಗೆಯಲೇಬೇಕು. ನಾನು ಪ್ರತಿ ಶೆಲ್ ಮೇಲೆ ಮಾರ್ಕರ್‌ನಿಂದ ಕ್ಯಾಮೆರಾದ ನಂಬರ್ ಬರೆದಿದ್ದೇನೆ. ಒಂದರ ಶೆಲ್ ಇನ್ನೊಂದಕ್ಕೆ ಬೆರೆಯಬಾರದು.

ಶೆಲ್ ತೆಗೆದರೆ ಗಡಿಯಾರ ಅಳಿಸಿಹೋಗುತ್ತದೆ. ಮತ್ತೆ ಕಟ್ಟುವಾಗ ತಾರೀಕು, ಸಮಯ ಹೊಂದಿಸಿ.

ಇನ್ನು ಇಡುವ ಜಾಗ. ಟ್ರಂಕ್ ಬೇಡ, ಅದರ ಮುಚ್ಚಳದ ಸಂದಿನಲ್ಲಿ ತೇವ ನುಗ್ಗುತ್ತದೆ. ಅವ್ವ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. "ಇದರಾಗ ಇಡಪಾ, ಆಷಾಢದಾಗೂ ಚುರುಮುರಿ ಮೆತ್ತಗಾಗೂದಿಲ್ಲ" ಅಂದಳು. ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ? ಕ್ಯಾಮೆರಾದ ಬಾಗಿಲು ಕೊಂಚ ತೆರೆದೇ ಇಡುತ್ತೇನೆ, ಒಳಗಿನ ತೇವ ಆರಲಿ ಅಂತ. ಜೊತೆಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಪೊಟ್ಟಣ. ಹಸಿರಾದರೆ ತೇವ ಕುಡಿದಿದೆ ಅಂತ ಅರ್ಥ. ನೀಲಿಯದು ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಮನೆ ಹತ್ತಿರ ಇಡುವಂಥದ್ದಲ್ಲ. ಶೆಲ್ ಬೇರೆ ಡಬ್ಬಿಯಲ್ಲಿ, ಬಿಸಿಲು ತಾಗದ ಕಪಾಟಿನಲ್ಲಿ. ಫ್ರಿಜ್‌ನಲ್ಲಿ ಇಡಬೇಡಿ, ಹೊರಗೆ ತೆಗೆದಾಗ ಮೈಮೇಲೆ ನೀರು ಕೂಡುತ್ತದೆ.

ಖರ್ಚಿನ ಲೆಕ್ಕ ಹೀಗಿದೆ. 16 ಶೆಲ್, ಚಾರ್ಜರ್ ಸೇರಿ ಐದು ಸಾವಿರದ ಹತ್ತಿರ ಆಯಿತು. ಮೊದಲು ಆಲ್ಕಲೈನ್‌ಗೆ ವರ್ಷಕ್ಕೆ ಎರಡು ಸಾವಿರ ಹೋಗುತ್ತಿತ್ತು. ನಾನು ವಾರಕ್ಕೊಮ್ಮೆ ಹೇಗೂ ಹೊಲಕ್ಕೆ ಹೋಗಿ ಮೆಮೊರಿ ಕಾರ್ಡ್ ತೆಗೆಯುತ್ತೇನೆ, ಅದಕ್ಕೇ ಶೆಲ್ ಬದಲಿಸುವುದು ಭಾರವಲ್ಲ. ನೀವು ಬೆಳಗಾವಿ ಪೇಟೆಯಲ್ಲಿದ್ದು ತಿಂಗಳಿಗೊಮ್ಮೆ ಹೊಲ ನೋಡುವವರಾದರೆ, ದುಡ್ಡು ಹೋದರೂ ಲಿಥಿಯಂ ಹಾಕಿ. ಆಲ್ಕಲೈನ್ ಹಾಕುವುದಿದ್ದರೆ ಕ್ಯಾಮೆರಾ ಬಿಚ್ಚಿದ ದಿನವೇ ಎಂಟೂ ಶೆಲ್ ಹೊರಗೆ ತೆಗೆಯಿರಿ. ನಾಳೆ ಅಂತ ಬಿಡಬೇಡಿ.